ಎರಡು ಬ್ಲಾಕ್‌ಚೈನ್‌ಗಳ ನಡುವೆ ರಿಲೇಯರ್ ಓಡಿಸುವುದು: ಮಲೆನಾಡಿನಲ್ಲಿ ಕೂತು ಹರ್ಮೀಸ್ ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಹೊಸನಗರದಿಂದ ಶಿವಮೊಗ್ಗಕ್ಕೆ ತುರ್ತಾಗಿ ಒಂದು ಕಾಗದ ಮುಟ್ಟಬೇಕೆಂದರೆ ಇವತ್ತಿಗೂ ಬಸ್ಸಿಗೆ ಕೊಟ್ಟು ಕಳಿಸುವುದುಂಟು. ಲಕೋಟೆಗೆ ಅಂಟು ಹಾಕಿ, ಮೇಲೆ ಹೆಸರು ಬರೆದು ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. ನಡುವೆ ಯಾರಾದರೂ ಬಿಚ್ಚಿದ್ದರೆ ಪಡೆದವರಿಗೆ ಗೊತ್ತಾಗುತ್ತದೆ. ಕಂಡಕ್ಟರ್‌ನಿಂದ ಆಗಬಹುದಾದ ನಷ್ಟ ಒಂದೇ, ಅವತ್ತು ಬಸ್ಸೇ ಬರದಿರುವುದು.

ಬ್ಲಾಕ್‌ಚೈನ್‌ಗಳ ನಡುವಿನ ರಿಲೇಯರ್, ಅಂದರೆ ಒಂದು ಚೈನ್‌ನ ಸಂದೇಶವನ್ನು ಇನ್ನೊಂದಕ್ಕೆ ಒಯ್ಯುವ ತಂತ್ರಾಂಶ, ಮಾಡುವ ಕೆಲಸವೂ ಹೀಗೇ. ಒಂದು ವ್ಯತ್ಯಾಸವಿದೆ: ಇಲ್ಲಿ ಕಾಗದವನ್ನು ಯಾರು ಬೇಕಾದರೂ ಓದಬಹುದು, ತಿದ್ದಲು ಮಾತ್ರ ಆಗದು. ಆದ್ದರಿಂದ ರಿಲೇಯರ್ ನಡೆಸುವವರ ಚಿಂತೆಯಲ್ಲಿ ಮುಕ್ಕಾಲು ಪಾಲು ಕಳ್ಳತನದ್ದಲ್ಲ, ಮೌನದ್ದು. ತಂತ್ರಾಂಶ ಸದ್ದಿಲ್ಲದೆ ನಿಂತುಹೋಗುವ ಬಗೆಗಳು ಹತ್ತಾರಿವೆ. ಅವುಗಳಲ್ಲಿ ಒಂದೆರಡು ಮಾತ್ರ ನಿಜಕ್ಕೂ ದುಬಾರಿ.

ಇಲ್ಲಿ ಹೇಳುವುದು ಕಾಸ್ಮಾಸ್ ಎಂಬ ಬ್ಲಾಕ್‌ಚೈನ್ ಬಳಗದ ಚೈನ್‌ಗಳು ಪರಸ್ಪರ ಮಾತಾಡಲು ಬಳಸುವ ಐಬಿಸಿ ಎಂಬ ನಿಯಮಾವಳಿಯ ಮೇಲೆ ಓಡುವ ‘ಹರ್ಮೀಸ್’ ಎಂಬ ರಿಲೇಯರ್ ಬಗ್ಗೆ. ಇನ್‌ಫಾರ್ಮಲ್ ಸಿಸ್ಟಮ್ಸ್ ಸಂಸ್ಥೆ ರಸ್ಟ್ ಭಾಷೆಯಲ್ಲಿ ಬರೆದದ್ದು, ಮುಕ್ತ ತಂತ್ರಾಂಶ. ಗೋ ಭಾಷೆಯಲ್ಲಿ ಬರೆದ ಇನ್ನೊಂದು ರಿಲೇಯರ್ ಕೂಡ ಇದೆ. ತತ್ವ ಒಂದೇ, ಆದೇಶಗಳು ಬೇರೆ. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.

ಒಂದು ಪ್ಯಾಕೆಟ್ ಹೋಗಿ ಬರುವ ದಾರಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಲಾಗ್‌ನಲ್ಲಿ ಬರುವ ಪ್ರತಿಯೊಂದು ದೂರೂ ಈ ದಾರಿಯ ಯಾವುದೋ ಒಂದು ತಿರುವಿನದ್ದೇ ಆಗಿರುತ್ತದೆ.

‘ಎ’ ಚೈನ್‌ನಲ್ಲಿ ಯಾರೋ ಟೋಕನ್ ಕಳಿಸಿದರು ಎನ್ನಿ. ‘ಎ’ ಆ ಟೋಕನ್ನನ್ನು ಒತ್ತೆ ಖಾತೆಯಲ್ಲಿ ಇಟ್ಟುಕೊಂಡು, ಪ್ಯಾಕೆಟ್‌ನ (ಕಳಿಸಬೇಕಾದ ಸಂದೇಶದ) ಹ್ಯಾಶನ್ನು, ಅಂದರೆ ಬೆರಳಚ್ಚಿನಂಥ ಗುರುತನ್ನು, ತನ್ನ ದಾಖಲೆಯಲ್ಲಿ ಬರೆದಿಡುತ್ತದೆ. ಇದಕ್ಕೆ ಕಮಿಟ್‌ಮೆಂಟ್ ಎನ್ನುತ್ತಾರೆ. ‘ಎ’ ತಾನಾಗಿ ಯಾರಿಗೂ ಏನನ್ನೂ ಕಳಿಸುವುದಿಲ್ಲ, ಒಂದು ಘಟನೆಯನ್ನು ಸಾರಿ ಸುಮ್ಮನಾಗುತ್ತದೆ. ಅದನ್ನು ಕೇಳಿಸಿಕೊಂಡ ರಿಲೇಯರ್ ‘ಎ’ಯ ನೋಡ್‌ನಿಂದ (ಚೈನ್‌ನ ಪ್ರತಿ ಇಟ್ಟುಕೊಂಡ ಯಂತ್ರದಿಂದ) ಮರ್ಕಲ್ ಪುರಾವೆ, ಅಂದರೆ ಆ ದಾಖಲೆ ಚೈನ್‌ನಲ್ಲಿ ನಿಜಕ್ಕೂ ಇದೆ ಎಂದು ತೋರಿಸುವ ಹ್ಯಾಶ್‌ಗಳ ಕಟ್ಟು, ಕೇಳಿ ಪಡೆದು, ‘ಬಿ’ಗೆ ಒಂದೇ ವ್ಯವಹಾರದಲ್ಲಿ ಎರಡು ಸಂದೇಶ ಒಯ್ಯುತ್ತದೆ. ಮೊದಲನೆಯದು ‘ಬಿ’ಯ ಒಳಗಿರುವ ‘ಎ’ಯ ಲೈಟ್ ಕ್ಲೈಂಟನ್ನು (ಹೆಡರ್, ಅಂದರೆ ಬ್ಲಾಕಿನ ತಲೆಬರಹ, ಅಷ್ಟನ್ನೇ ಇಟ್ಟುಕೊಂಡು ಪುರಾವೆ ಪರೀಕ್ಷಿಸುವ ಭಾಗವನ್ನು) ಹೊಸ ಹೆಡರ್‌ವರೆಗೆ ತರುವ ಸಂದೇಶ, ಎರಡನೆಯದು ಪ್ಯಾಕೆಟ್ ಮತ್ತು ಅದರ ಪುರಾವೆ.

ಸೂಕ್ಷ್ಮ ಇರುವುದು ಇಲ್ಲಿ. 5000ನೇ ಬ್ಲಾಕಿನ ವ್ಯವಹಾರಗಳೆಲ್ಲ ಮುಗಿದ ಮೇಲಿನ ಸ್ಥಿತಿಯ ಹ್ಯಾಶ್ 5000ನೇ ಹೆಡರ್‌ನಲ್ಲಿ ಇರುವುದಿಲ್ಲ, 5001ನೆಯದರಲ್ಲಿ ಇರುತ್ತದೆ. ಆದ್ದರಿಂದ 5000ನೇ ಎತ್ತರದ (ಬ್ಲಾಕ್ ಸಂಖ್ಯೆಯ) ಪುರಾವೆ ಒಯ್ಯಬೇಕಾದರೆ ರಿಲೇಯರ್ ಇನ್ನೊಂದು ಬ್ಲಾಕ್ ಕಾಯಲೇಬೇಕು. ಬ್ಲಾಕಿಗೆ 6 ಸೆಕೆಂಡಾದರೆ ಅಷ್ಟು ಹೊತ್ತು ಅಲ್ಲೇ ಹೋಯಿತು. ಇದು ನಿಧಾನವಲ್ಲ, ನಿಯಮ.

‘ಬಿ’ ಪುರಾವೆ ಪರೀಕ್ಷಿಸಿ, ಟೋಕನ್‌ನ ಪ್ರತಿರೂಪವನ್ನು ಟಂಕಿಸಿ, ಸ್ವೀಕೃತಿ ಬರೆದಿಡುತ್ತದೆ. ರಿಲೇಯರ್ ಆ ಸ್ವೀಕೃತಿಯನ್ನು ಹೀಗೇ ಪುರಾವೆ ಸಮೇತ ‘ಎ’ಗೆ ವಾಪಸ್ ಒಯ್ದಾಗ ‘ಎ’ ಕಮಿಟ್‌ಮೆಂಟ್ ಅಳಿಸುತ್ತದೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಗಡುವಿನೊಳಗೆ ತಲುಪದಿದ್ದರೆ ‘ಬಿ’ಯಲ್ಲಿ ಇದು ಬಂದೇ ಇಲ್ಲ ಎಂಬ ಪುರಾವೆಯನ್ನು ‘ಎ’ಗೆ ಒಯ್ಯಬೇಕು, ಆಗ ಒತ್ತೆ ಬಿಡುಗಡೆಯಾಗಿ ಹಣ ಕಳಿಸಿದವರಿಗೆ ಮರಳುತ್ತದೆ. ಹಣ ವಾಪಸ್ ಬರುವುದಕ್ಕೂ ರಿಲೇಯರೇ ಬೇಕು ಎಂಬುದನ್ನು ಹೊಸಬರು ಮರೆಯುತ್ತಾರೆ.

ಚೈನ್‌ಗಳ ನಡುವೆ ಹಣ ದಾಟಿಸುವ ಎಲ್ಲ ಸೇತುವೆಗಳೂ ಹೀಗಿಲ್ಲ. 2022ರ ಮಾರ್ಚ್‌ನಲ್ಲಿ ರೋನಿನ್ ಸೇತುವೆಯಿಂದ 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಕಳುವಾಯಿತು. ಅಲ್ಲಿ ಸಹಿ ಹಾಕುವ ಕೀಗಳು 9, ಅವುಗಳಲ್ಲಿ 5 ಸಹಿ ಬಿದ್ದರೆ ಹಣ ಬಿಡುಗಡೆ. ಕಳ್ಳರ ಕೈಗೆ ಐದೂ ಸಿಕ್ಕಿದ್ದವು. ಸಂದೇಶ ಒಯ್ಯುವವರ ಮಾತನ್ನೇ ನಂಬುವ ವ್ಯವಸ್ಥೆಗೂ ಪುರಾವೆಯನ್ನು ಮಾತ್ರ ನಂಬುವ ವ್ಯವಸ್ಥೆಗೂ ಇರುವ ಅಂತರ ಅದು. ಐಬಿಸಿಯಲ್ಲಿ ನಿಮ್ಮ ರಿಲೇಯರ್ ಕೀ ಕಳುವಾದರೆ ಹೋಗುವುದು ಶುಲ್ಕಕ್ಕೆಂದು ಇಟ್ಟ ಚಿಲ್ಲರೆ ಮಾತ್ರ.

ಯಂತ್ರ ಎಲ್ಲಿರಬೇಕು

ಮನೆಯಲ್ಲಂತೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಆಗುಂಬೆ, ಹೊಸನಗರ ಕಡೆ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಬರುವುದು ಮರ ಕಡಿಯುವವರು ಬಂದ ಮೇಲೆಯೇ. ಇನ್ವರ್ಟರ್ ಇದ್ದರೂ ಫೈಬರ್ ತುಂಡಾದರೆ ಏನೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಬಾಡಿಗೆ ಸರ್ವರ್ ತೆಗೆದುಕೊಂಡು, ಮನೆಯ ಲ್ಯಾಪ್‌ಟಾಪನ್ನು ಬರೀ ಕಿಟಕಿಯಂತೆ ಬಳಸಿ. ಹರ್ಮೀಸ್‌ಗೆ ಒಂದೆರಡು ಚಾನೆಲ್‌ಗಳ (ಎರಡು ಚೈನ್‌ಗಳ ನಡುವಿನ ಸಾಗಣೆ ದಾರಿಗಳ) ಮಟ್ಟಿಗೆ 4 ಕೋರ್, 8 ಜಿಬಿ ರ‍್ಯಾಮ್ ಧಾರಾಳ. ಉಬುಂಟು ಸಾಕು. ಎಸ್‌ಎಸ್‌ಎಚ್ ಬದಲು ‘ಮಾಶ್’ ಬಳಸಿದರೆ ನೆಟ್‌ವರ್ಕ್ ಹೋಗಿ ಬಂದರೂ ಸೆಷನ್ ಕಡಿಯುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುವ ಊರಿನವರಿಗೆ ಇದು ದೊಡ್ಡ ಉಪಕಾರ.

ಭಾರವಾಗುವುದು ಹರ್ಮೀಸ್ ಅಲ್ಲ, ಎರಡೂ ಚೈನ್‌ಗಳ ಫುಲ್ ನೋಡ್. ಅದಕ್ಕೆ ವೇಗದ ಎನ್‌ವಿಎಂಇ ಡಿಸ್ಕ್ ಇರಲೇಬೇಕು. ಸಾರ್ವಜನಿಕ ಆರ್‌ಪಿಸಿ ವಿಳಾಸಗಳನ್ನು (ಬೇರೆಯವರ ನೋಡ್‌ಗೆ ಪ್ರಶ್ನೆ ಕೇಳುವ ವಿಳಾಸಗಳನ್ನು) ಪ್ರಯೋಗಕ್ಕೆ ಬಳಸಿ, ನಿಜವಾದ ಸಾಗಣೆಗೆ ನಂಬಬೇಡಿ. ಪ್ರಶ್ನೆ ಹೆಚ್ಚಾದರೆ 429 ಎಂದು ಬಾಗಿಲು ಹಾಕುತ್ತವೆ, ಹಳೆಯ ಸ್ಥಿತಿಯನ್ನು ಬೇಗ ಅಳಿಸಿಬಿಡುತ್ತವೆ.

ಸ್ವಂತ ನೋಡ್ ಆದರೆ ಮೊದಲು ನೋಡಬೇಕಾದದ್ದು ಅದರ ಕಾನ್ಫಿಗ್‌ನಲ್ಲಿ ‘ಟಿಎಕ್ಸ್ ಇಂಡೆಕ್ಸ್’ ಭಾಗ. ಇಂಡೆಕ್ಸರ್ ‘ಕೆವಿ’ ಇರಬೇಕು. ಜಾಗ ಉಳಿಸಲು ‘ನಲ್’ ಮಾಡಿದ್ದರೆ ಹೊಸ ಪ್ಯಾಕೆಟ್‌ಗಳು ಹೋಗುತ್ತಿರುತ್ತವೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆದರೆ ಒಮ್ಮೆ ತಪ್ಪಿಹೋದ ಪ್ಯಾಕೆಟನ್ನು ಹರ್ಮೀಸ್ ಹಿಂದಕ್ಕೆ ಹೋಗಿ ಹುಡುಕಲಾರದು, ಏಕೆಂದರೆ ಹಳೆಯ ಘಟನೆಗಳ ಸೂಚಿಯೇ ಅಲ್ಲಿಲ್ಲ.

ಮೊದಲು ಎರಡು ಆಟಿಕೆ ಚೈನ್

ದುಡ್ಡು ಹಾಕುವ ಮೊದಲು ಲ್ಯಾಪ್‌ಟಾಪ್‌ನಲ್ಲೇ ಒಂದು ವಾರ ಆಡಿ. ರಸ್ಟ್ ಹಾಕಿಕೊಂಡ ಮೇಲೆ

ಕಾರ್ಗೋ ಇನ್‌ಸ್ಟಾಲ್ ಐಬಿಸಿ-ರಿಲೇಯರ್-ಸಿಎಲ್‌ಐ --ಬಿನ್ ಹರ್ಮೀಸ್ --ಲಾಕ್ಡ್

ಎಂದು ಕೊಟ್ಟರೆ ಸಂಕಲನ ಶುರುವಾಗುತ್ತದೆ. ಹಳೆಯ ಯಂತ್ರದಲ್ಲಿ ಇದು ಹೊತ್ತು ತಿನ್ನುತ್ತದೆ, ಬೇಡವೆಂದರೆ ಗಿಟ್‌ಹಬ್‌ನಲ್ಲಿ ಸಿದ್ಧ ಬೈನರಿ ಇದೆ. ‘ಲಾಕ್ಡ್’ ಬಿಡಬೇಡಿ, ಬಿಟ್ಟರೆ ಅವಲಂಬನೆಗಳ ಹೊಸ ಆವೃತ್ತಿ ಎಳೆದುಕೊಂಡು ಸಂಕಲನ ಅರ್ಧದಲ್ಲಿ ಮುರಿಯಬಹುದು.

ಸ್ಥಳೀಯ ಚೈನ್‌ಗಳಿಗೆ ‘ಜಿಎಂ’ ಎಂಬ ಸಹಾಯಕ ಸಾಧನ ಇದೆ. ಅದರ ಜೊತೆ ‘ಗಾಯಾಡಿ’ ಬೈನರಿ ಬೇಕು. ‘ಜಿಎಂ ಸ್ಟಾರ್ಟ್’ ಎಂದರೆ ಐಬಿಸಿ-0, ಐಬಿಸಿ-1 ಎಂಬ ಎರಡು ಪುಟ್ಟ ಚೈನ್ ಏಳುತ್ತವೆ. ‘ಜಿಎಂ ಹರ್ಮೀಸ್ ಕಾನ್ಫಿಗ್’ ಮತ್ತು ‘ಜಿಎಂ ಹರ್ಮೀಸ್ ಕೀಸ್’ ಕಾನ್ಫಿಗ್ ಫೈಲನ್ನೂ ಕೀಗಳನ್ನೂ ತಯಾರಿಸಿಕೊಡುತ್ತವೆ. ಬಳಿಕ

ಹರ್ಮೀಸ್ ಕ್ರಿಯೇಟ್ ಚಾನೆಲ್ --ಎ-ಚೈನ್ ಐಬಿಸಿ-0 --ಬಿ-ಚೈನ್ ಐಬಿಸಿ-1 --ಎ-ಪೋರ್ಟ್ ಟ್ರಾನ್ಸ್‌ಫರ್ --ಬಿ-ಪೋರ್ಟ್ ಟ್ರಾನ್ಸ್‌ಫರ್ --ನ್ಯೂ-ಕ್ಲೈಂಟ್-ಕನೆಕ್ಷನ್

ಒಂದೇ ಆದೇಶ, ಆದರೆ ಒಳಗೆ ನಡೆಯುವುದು ಬಹಳ. ಎರಡೂ ಕಡೆ ಲೈಟ್ ಕ್ಲೈಂಟ್ ಹುಟ್ಟುತ್ತದೆ. ಆಮೇಲೆ ಕನೆಕ್ಷನ್‌ಗೆ ಇನಿಟ್, ಟ್ರೈ, ಆ್ಯಕ್, ಕನ್‌ಫರ್ಮ್ ಎಂಬ ನಾಲ್ಕು ಹೆಜ್ಜೆ, ಚಾನೆಲ್‌ಗೆ ಮತ್ತೆ ಅವೇ ನಾಲ್ಕು. ಲಾಗ್‌ನಲ್ಲಿ ಈ ಎಂಟನ್ನೂ ಎಣಿಸಿ ನೋಡಿ.

ಈಗ ‘ಹರ್ಮೀಸ್ ಸ್ಟಾರ್ಟ್’ ಕೊಟ್ಟು, ಇನ್ನೊಂದು ಟರ್ಮಿನಲ್‌ನಿಂದ ‘ಹರ್ಮೀಸ್ ಟಿಎಕ್ಸ್ ಎಫ್‌ಟಿ-ಟ್ರಾನ್ಸ್‌ಫರ್’ ಮೂಲಕ ಒಂದಿಷ್ಟು ಟೋಕನ್ ದಾಟಿಸಿ. ಆಚೆ ಬದಿಯ ಬ್ಯಾಲೆನ್ಸ್ ಕೇಳಿದರೆ ‘ಐಬಿಸಿ/’ ಎಂದು ಶುರುವಾಗಿ 64 ಅಕ್ಷರದ ಹೆಸರೊಂದು ಕಾಣುತ್ತದೆ. ಅದು ಪೋರ್ಟ್, ಚಾನೆಲ್, ಮೂಲ ಟೋಕನ್ ಹೆಸರು ಮೂರನ್ನೂ ಸೇರಿಸಿ ತೆಗೆದ ಎಸ್‌ಎಚ್‌ಎ-256 ಹ್ಯಾಶ್. ಚಾನೆಲ್ ಬದಲಾದರೆ ಹೆಸರೂ ಬದಲು. ಒಂದೇ ತೋಟದ ರಾಶಿ ಅಡಿಕೆಯಾದರೂ ಬೇರೆ ಬೇರೆ ಮಂಡಿಯ ಚೀಟಿ ಬೇರೆಯೇ ಅಲ್ಲವೇ, ಹಾಗೆ. ಮುಖ್ಯ ಜಾಲದಲ್ಲಿ ಹೊಸ ಚಾನೆಲ್ ತೆರೆಯಬಾರದು ಎನ್ನುವುದು ಇದಕ್ಕೇ: ಅದರಿಂದ ಹೋದ ಟೋಕನನ್ನು ಅಲ್ಲಿನ ಮಾರುಕಟ್ಟೆ ಗುರುತೇ ಹಿಡಿಯುವುದಿಲ್ಲ. ಇರುವ ಚಾನೆಲನ್ನೇ ಬಳಸಿ. ಉದಾಹರಣೆಗೆ ಕಾಸ್ಮಾಸ್ ಹಬ್ ಮತ್ತು ಆಸ್ಮೋಸಿಸ್ ಎಂಬ ಎರಡು ಚೈನ್‌ಗಳ ನಡುವೆ ಹಬ್ ಬದಿಯಲ್ಲಿ ಚಾನೆಲ್-141, ಆಸ್ಮೋಸಿಸ್ ಬದಿಯಲ್ಲಿ ಚಾನೆಲ್-0.

ಇನ್ನೊಂದು ಪ್ರಯೋಗ ಮಾಡಲೇಬೇಕು. ಹರ್ಮೀಸ್ ನಿಲ್ಲಿಸಿ. ‘ಟೈಮ್‌ಔಟ್-ಸೆಕೆಂಡ್ಸ್ 60’ ಇಟ್ಟು ಟೋಕನ್ ಕಳಿಸಿ. ಕಳಿಸಿದ ಖಾತೆಯಿಂದ ಮೊತ್ತ ತಕ್ಷಣ ಇಳಿದಿರುತ್ತದೆ, ಆಚೆ ಕಡೆ ಏನೂ ಬಂದಿರುವುದಿಲ್ಲ. ಎರಡು ನಿಮಿಷ ಬಿಟ್ಟು ‘ಹರ್ಮೀಸ್ ಕ್ವೆರಿ ಪ್ಯಾಕೆಟ್ ಪೆಂಡಿಂಗ್’ ಕೇಳಿದರೆ ಆ ಕ್ರಮಸಂಖ್ಯೆ ಅಲ್ಲೇ ಕೂತಿರುತ್ತದೆ. ಈಗ ಹರ್ಮೀಸ್ ಏಳಿಸಿದರೆ ಅದು ಟೈಮ್‌ಔಟ್ ಸಂದೇಶ ಒಯ್ದು ಹಣವನ್ನು ವಾಪಸ್ ತರುತ್ತದೆ. ನಾಳೆ ಯಾರೋ ‘ನನ್ನ ಟೋಕನ್ ಕಾಣೆ’ ಎಂದು ಬೊಬ್ಬೆ ಹಾಕಿದಾಗ ನಿಮಗೆ ಗಾಬರಿಯಾಗದಿರುವುದು ಇದನ್ನು ಒಮ್ಮೆ ಕಣ್ಣಾರೆ ಕಂಡಿದ್ದರೆ ಮಾತ್ರ. ಗಡುವು ಮೀರಿತೋ ಇಲ್ಲವೋ ಎನ್ನುವುದನ್ನು ‘ಬಿ’ಯ ಬ್ಲಾಕ್ ಸಮಯ ಹೇಳುತ್ತದೆ, ನಿಮ್ಮ ಗೋಡೆ ಗಡಿಯಾರ ಅಲ್ಲ.

ಕಾನ್ಫಿಗ್ ಫೈಲ್

ಮನೆ ಡೈರೆಕ್ಟರಿಯಲ್ಲಿ ‘.ಹರ್ಮೀಸ್’ ಒಳಗೆ ‘ಕಾನ್ಫಿಗ್.ಟಾಮಲ್’ ಇರುತ್ತದೆ. ಅದರಲ್ಲಿ ಗಮನ ಕೊಡಬೇಕಾದವು ಇವು.

‘ಮೋಡ್’ ಭಾಗದಲ್ಲಿ ಕ್ಲೈಂಟ್ಸ್ ಮತ್ತು ಪ್ಯಾಕೆಟ್ಸ್ ಚಾಲೂ ಇರಲಿ. ಕನೆಕ್ಷನ್ಸ್, ಚಾನೆಲ್ಸ್ ಎರಡನ್ನೂ ಬಂದ್ ಮಾಡಿ. ಯಾರೋ ಅಪರಿಚಿತರು ಶುರುಮಾಡಿದ ಹ್ಯಾಂಡ್‌ಶೇಕನ್ನು (ಮೇಲೆ ಹೇಳಿದ ನಾಲ್ಕು ಹೆಜ್ಜೆಗಳನ್ನು) ನಿಮ್ಮ ದುಡ್ಡಿನಲ್ಲಿ ಮುಗಿಸುವ ಅಗತ್ಯವಿಲ್ಲ. ಕ್ಲೈಂಟ್ಸ್ ಒಳಗೆ ‘ರಿಫ್ರೆಶ್’ ಟ್ರೂ ಇರಲೇಬೇಕು, ಕಾರಣ ಕೆಳಗೆ ಬರುತ್ತದೆ. ಪ್ಯಾಕೆಟ್ಸ್ ಒಳಗೆ ‘ಕ್ಲಿಯರ್ ಇಂಟರ್ವಲ್’ 100 ಎಂದರೆ ಪ್ರತಿ 100 ಬ್ಲಾಕಿಗೊಮ್ಮೆ ತಪ್ಪಿಹೋದವನ್ನು ಹುಡುಕು ಎಂದರ್ಥ. ‘ಕ್ಲಿಯರ್ ಆನ್ ಸ್ಟಾರ್ಟ್’ ಕೂಡ ಟ್ರೂ ಇರಲಿ.

ಪ್ರತಿ ಚೈನ್‌ಗೆ ಒಂದು ಭಾಗ: ಐಡಿ, ಆರ್‌ಪಿಸಿ ವಿಳಾಸ ಸಾಮಾನ್ಯವಾಗಿ 26657ನೇ ಪೋರ್ಟ್, ಜಿಆರ್‌ಪಿಸಿ 9090. ‘ಈವೆಂಟ್ ಸೋರ್ಸ್’ನಲ್ಲಿ ಪುಶ್, ಪುಲ್ ಎಂಬ ಎರಡು ಬಗೆ. ಪುಶ್ ವೆಬ್‌ಸಾಕೆಟ್ ಮೂಲಕ ಬೇಗ ಕೇಳಿಸಿಕೊಳ್ಳುತ್ತದೆ, ಆದರೆ ನೋಡ್‌ಗೆ ಕೆಲಸ ಹೆಚ್ಚಾದಾಗ ಸಂಪರ್ಕ ಕಡಿದು ಘಟನೆಗಳು ಜಾರುತ್ತವೆ. ಪುಲ್ ಒಂದು ಸೆಕೆಂಡಿಗೊಮ್ಮೆ ತಾನೇ ಹೋಗಿ ಕೇಳುತ್ತದೆ. ನಮ್ಮ ಮಾತು ಕೇಳುವುದಾದರೆ ಪುಲ್ ಇಡಿ, ಅರ್ಧ ಸೆಕೆಂಡಿನ ವೇಗಕ್ಕಿಂತ ನಿದ್ದೆ ದೊಡ್ಡದು.

‘ಪ್ಯಾಕೆಟ್ ಫಿಲ್ಟರ್’ ಬಿಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಇಲ್ಲದಿದ್ದರೆ ಹರ್ಮೀಸ್ ಎರಡೂ ಚೈನ್‌ಗಳ ಎಲ್ಲ ಚಾನೆಲ್‌ಗಳನ್ನೂ ಜಾಲಾಡಲು ಹೊರಡುತ್ತದೆ. ದೊಡ್ಡ ಚೈನ್‌ನಲ್ಲಿ ಏಳುವುದಕ್ಕೇ ಬಹಳ ಹೊತ್ತು ಬೇಕು, ಎದ್ದ ಮೇಲೆ ಊರವರ ಸಾಮಾನನ್ನೆಲ್ಲ ನಿಮ್ಮ ಖರ್ಚಿನಲ್ಲಿ ಹೊರುತ್ತದೆ. ಪಾಲಿಸಿ ‘ಅಲೋ’ ಮಾಡಿ, ಟ್ರಾನ್ಸ್‌ಫರ್ ಮತ್ತು ನಿಮ್ಮ ಚಾನೆಲ್ ಸಂಖ್ಯೆಯನ್ನು ಮಾತ್ರ ಬರೆಯಿರಿ.

ಗ್ಯಾಸ್ ಎಂದರೆ ಒಂದು ವ್ಯವಹಾರಕ್ಕೆ ಚೈನ್ ಮಾಡುವ ಕೆಲಸದ ಅಳತೆ, ಶುಲ್ಕ ಅದರ ಮೇಲೆ ಬೀಳುತ್ತದೆ. ಲೆಕ್ಕ ಹೀಗೆ. ಒಂದು ಗ್ಯಾಸ್‌ಗೆ ಬೆಲೆ 0.025 ಮೈಕ್ರೋ (ಟೋಕನ್‌ನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋ), ಒಂದು ವ್ಯವಹಾರಕ್ಕೆ 2,00,000 ಗ್ಯಾಸ್ ಎಂದಿಟ್ಟುಕೊಂಡರೆ 5,000 ಮೈಕ್ರೋ, ಅಂದರೆ 0.005 ಟೋಕನ್. ಸಾವಿರ ವ್ಯವಹಾರಕ್ಕೆ 5 ಟೋಕನ್. ಒಂದು ವ್ಯವಹಾರದಲ್ಲಿ 30 ಸಂದೇಶದವರೆಗೆ ಕಟ್ಟಬಹುದು, ಆಗ ಗ್ಯಾಸ್ ಏರುತ್ತದೆ. ಅಂದಾಜು ‘ಮ್ಯಾಕ್ಸ್ ಗ್ಯಾಸ್’ ದಾಟಿದರೆ ಹರ್ಮೀಸ್ ಕಳಿಸುವುದೇ ಇಲ್ಲ. ‘ಔಟ್ ಆಫ್ ಗ್ಯಾಸ್’ ಕಂಡರೆ ‘ಗ್ಯಾಸ್ ಮಲ್ಟಿಪ್ಲೈಯರ್’ 1.1ರಿಂದ 1.3ಕ್ಕೆ ಏರಿಸಿ. ಶುಲ್ಕ ಏರಿಳಿಯುವ ಚೈನ್‌ಗಳಲ್ಲಿ ‘ಡೈನಮಿಕ್ ಗ್ಯಾಸ್ ಪ್ರೈಸ್’ ಚಾಲೂ ಮಾಡಿ, ಅದಕ್ಕೊಂದು ಗರಿಷ್ಠ ಮಿತಿಯನ್ನೂ ಹಾಕಿ.

ವರ್ಗಾವಣೆಯ ಜೊತೆ ಹೋಗುವ ಟಿಪ್ಪಣಿಯಾದ ಮೆಮೋದಲ್ಲಿ ಕಸ ತುಂಬಿ ಕಳಿಸುವವರಿದ್ದಾರೆ. ಐಸಿಎಸ್-20 (ಟೋಕನ್ ವರ್ಗಾವಣೆಯ ನಿಯಮ) ಮೆಮೋಗೆ 32 ಕೆಬಿ, ಸ್ವೀಕರಿಸುವವರ ವಿಳಾಸಕ್ಕೆ 2 ಕೆಬಿ ಮಿತಿ ಹಾಗೇ ಇರಲಿ.

ಬರೆದಾದ ಮೇಲೆ ‘ಹರ್ಮೀಸ್ ಕಾನ್ಫಿಗ್ ವ್ಯಾಲಿಡೇಟ್’, ನಂತರ ‘ಹರ್ಮೀಸ್ ಹೆಲ್ತ್-ಚೆಕ್’. ಎರಡನೆಯದು ಕೊಡುವ ಹಳದಿ ಎಚ್ಚರಿಕೆಗಳನ್ನು ಓದದೆ ದಾಟಬೇಡಿ. ಇಂಡೆಕ್ಸಿಂಗ್ ಇಲ್ಲ ಎಂಬುದನ್ನೂ ಆವೃತ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳುವುದು ಅಲ್ಲೇ.

ಕೀ ಮತ್ತು ಕಾಸು

‘ಹರ್ಮೀಸ್ ಕೀಸ್ ಆ್ಯಡ್ --ಚೈನ್ … --ನೆಮಾನಿಕ್-ಫೈಲ್ …’ ಕೊಟ್ಟರೆ ಕೀ ಸೇರುತ್ತದೆ. ನೆಮಾನಿಕ್ ಎಂದರೆ ಕೀಯನ್ನು ಮತ್ತೆ ಹುಟ್ಟಿಸಬಲ್ಲ ಪದಗಳ ಸಾಲು. ಅದು ‘.ಹರ್ಮೀಸ್/ಕೀಸ್’ ಒಳಗೆ ಗೂಢಲಿಪಿ ಇಲ್ಲದ ಜೇಸನ್ ಫೈಲ್ ಆಗಿ ಕೂರುತ್ತದೆ, ಬೀಗವಿಲ್ಲದ ಪೆಟ್ಟಿಗೆಯಂತೆ. ಆದ್ದರಿಂದ ಡೈರೆಕ್ಟರಿಗೆ 700 ಅನುಮತಿ, ಸರ್ವರ್‌ಗೆ ಪಾಸ್‌ವರ್ಡ್ ಲಾಗಿನ್ ಬಂದ್, ಸೇರಿಸಿದ ತಕ್ಷಣ ನೆಮಾನಿಕ್ ಫೈಲ್ ಅಳಿಸಿ ಪದಗಳನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿ. ಈ ಖಾತೆಯಲ್ಲಿ ಎರಡು ಮೂರು ವಾರದ ಶುಲ್ಕಕ್ಕಿಂತ ಹೆಚ್ಚು ಇಡಬೇಡಿ. ನಿಮ್ಮ ಉಳಿತಾಯದ ಕೀಯನ್ನು ಇಲ್ಲಿ ತಂದು ಹಾಕುವ ಮಾತೇ ಬೇಡ.

ರಿಲೇಯರ್ ಎರಡೂ ಚೈನ್‌ಗಳಲ್ಲಿ ಶುಲ್ಕ ಕಟ್ಟುತ್ತದೆ, ತಾನಾಗಿ ಏನೂ ಗಳಿಸುವುದಿಲ್ಲ. ಐಸಿಎಸ್-29 ಎಂಬ ಶುಲ್ಕ ಪದ್ಧತಿ ಬಂದಿತ್ತಾದರೂ ಚೈನ್‌ಗಳು ಬಳಸುವ ಐಬಿಸಿ ತಂತ್ರಾಂಶವಾದ ಐಬಿಸಿ-ಗೋದ 10ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಖರ್ಚು ಯಾರದ್ದು ಎಂದು ಚೈನ್‌ನ ತಂಡದೊಡನೆ ಮೊದಲೇ ಮಾತಾಡಿಕೊಳ್ಳಿ. ಟೋಕನ್ ಕೊಳ್ಳುವುದಿದ್ದರೆ ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಜುಲೈ 1ರಿಂದ ಶೇ 1 ಟಿಡಿಎಸ್ ಬಂದಿರುವುದು ನೆನಪಿರಲಿ. ಪ್ರತಿ ಖರೀದಿಯ ದಿನ, ದರ ಬರೆದಿಟ್ಟರೆ ಮಾರ್ಚ್‌ನಲ್ಲಿ ಆಡಿಟರ್ ಮುಂದೆ ತಡಕಾಡಬೇಕಿಲ್ಲ.

ಓಡಿಸಿ, ಕಣ್ಣಿಡುವುದು

ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿಟ್ಟು ಹೋಗಬೇಡಿ. ಸಿಸ್ಟಮ್‌ಡಿ ಸೇವೆಯಾಗಿ ಮಾಡಿ, ‘ರೀಸ್ಟಾರ್ಟ್’ಗೆ ‘ಆಲ್ವೇಸ್’, ನಡುವಿನ ವಿರಾಮ 10 ಸೆಕೆಂಡ್. ಗಡಿಯಾರಕ್ಕೆ ‘ಕ್ರೋನಿ’ ಹಾಕಿ. ಟೆಲಿಮೆಟ್ರಿಯ 3001ನೇ ಪೋರ್ಟ್ 127.0.0.1ಕ್ಕೆ ಮಾತ್ರ ಕಟ್ಟಿರಲಿ, ಅಂಕಿ ಸಂಗ್ರಹಿಸುವ ಪ್ರಾಮಿತಿಯಸ್ ಎಂಬ ಸಾಧನ ಅದೇ ಯಂತ್ರದಿಂದ ಓದಿಕೊಳ್ಳುತ್ತದೆ. ಅಂಕಿಗಳು ನೂರಾರು ಬರುತ್ತವೆ, ಮೂರು ಸಾಕು: ‘ವಾಲೆಟ್ ಬ್ಯಾಲೆನ್ಸ್’ ಒಂದು ವಾರದ ಖರ್ಚಿಗಿಂತ ಇಳಿದರೆ, ‘ಬ್ಯಾಕ್‌ಲಾಗ್ ಓಲ್ಡೆಸ್ಟ್ ಟೈಮ್‌ಸ್ಟ್ಯಾಂಪ್’ 10 ನಿಮಿಷಕ್ಕಿಂತ ಹಳೆಯದಾದರೆ, ಹರ್ಮೀಸ್ ಉತ್ತರವನ್ನೇ ಕೊಡದಿದ್ದರೆ ಮೊಬೈಲ್‌ಗೆ ಎಚ್ಚರಿಕೆ ಬರಬೇಕು. 10 ನಿಮಿಷ ಏಕೆಂದರೆ ಆದೇಶ ಸಾಲಿನಿಂದ ಕಳಿಸಿದ ವರ್ಗಾವಣೆಯ ಪೂರ್ವನಿಯೋಜಿತ ಗಡುವು ಅಷ್ಟೇ. ಎಚ್ಚರಿಕೆ ಇಬ್ಬರಿಗೆ ಹೋಗಲಿ, ಒಬ್ಬರು ಶಿವಮೊಗ್ಗ ಪೇಟೆಯಲ್ಲಿ ಇರುವವರಾದರೆ ಒಳ್ಳೆಯದು. ಸಾಗರದ ಆಚೆ ತೋಟದಲ್ಲಿರುವವರ ಫೋನ್ ‘ವ್ಯಾಪ್ತಿ ಪ್ರದೇಶದ ಹೊರಗೆ’ ಇರುವುದೇ ಹೆಚ್ಚು.

ಲಾಗ್‌ನಲ್ಲಿ ಕಾಣುವ ದೂರುಗಳು

‘ಅಕೌಂಟ್ ಸೀಕ್ವೆನ್ಸ್ ಮಿಸ್‌ಮ್ಯಾಚ್, ಎಕ್ಸ್‌ಪೆಕ್ಟೆಡ್ 412, ಗಾಟ್ 411’ ಎಂದು (ಖಾತೆಯ ವ್ಯವಹಾರಗಳ ಕ್ರಮಸಂಖ್ಯೆ ಹೊಂದುತ್ತಿಲ್ಲ ಎಂದು) ಪದೇ ಪದೇ ಬಂದರೆ ಅದೇ ಕೀಯನ್ನು ಇನ್ನೊಬ್ಬರು ಬಳಸುತ್ತಿದ್ದಾರೆ. ಹರ್ಮೀಸ್ ಓಡುತ್ತಿರುವಾಗ ಅದೇ ಖಾತೆಯಿಂದ ನೀವು ಕೈಯಾರೆ ‘ಕ್ಲಿಯರ್ ಪ್ಯಾಕೆಟ್ಸ್’ ಕೊಟ್ಟಿರಬಹುದು, ಇಲ್ಲವೇ ಭದ್ರತೆಗೆಂದು ಎರಡು ಸರ್ವರ್‌ನಲ್ಲಿ ಒಂದೇ ಕೀ ಇಟ್ಟಿರಬಹುದು. ಎರಡು ರಿಲೇಯರ್ ಇಡಬಹುದು, ಆದರೆ ಎರಡು ಕೀ ಇರಲೇಬೇಕು.

‘ರಿಡಂಡೆಂಟ್’ ಎಂದರೆ ಬೇರೆಯವರ ಬಸ್ಸು ಮೊದಲು ಮುಟ್ಟಿತು ಅಷ್ಟೇ. ತಲೆ ಕೆಡಿಸಿಕೊಳ್ಳಬೇಡಿ. ‘ಹೆಡರ್ ಭವಿಷ್ಯದ್ದು’ ಎಂಬ ಅರ್ಥದ ದೂರು ಬಂದರೆ ಸರ್ವರ್‌ನ ಗಡಿಯಾರ ನೋಡಿ. ಪುರಾವೆ ಸಿಗುತ್ತಿಲ್ಲ, ಆ ಎತ್ತರ ಲಭ್ಯವಿಲ್ಲ ಎಂದರೆ ನೋಡ್ ಹಳೆಯ ಸ್ಥಿತಿಯನ್ನು ಕತ್ತರಿಸಿದೆ. ಪ್ರೂನಿಂಗ್‌ನಲ್ಲಿ ಹೆಚ್ಚು ಬ್ಲಾಕ್ ಉಳಿಸಿಕೊಳ್ಳಿ. ಕ್ರಮಬದ್ಧ, ಅಂದರೆ ಪ್ಯಾಕೆಟ್‌ಗಳು ಸಾಲಾಗಿಯೇ ತಲುಪಬೇಕಾದ ಚಾನೆಲ್‌ಗಳಲ್ಲಿ ಒಂದು ಪ್ಯಾಕೆಟ್ ಗಡುವು ಮೀರಿ ಟೈಮ್‌ಔಟ್ ಆದರೂ ಚಾನೆಲ್ಲೇ ಮುಚ್ಚಿಹೋಗುತ್ತದೆ, ಅಂಥವನ್ನು ಹೊತ್ತುಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಕ್ಲೈಂಟ್ ಸಾಯುವುದು

ಮೇಲಿನವೆಲ್ಲ ಅರ್ಧ ಗಂಟೆಯಲ್ಲಿ ಸರಿಹೋಗುವಂಥವು. ಇದು ಹಾಗಲ್ಲ.

‘ಬಿ’ಯೊಳಗಿನ ಲೈಟ್ ಕ್ಲೈಂಟ್ ‘ಎ’ಯ ವ್ಯಾಲಿಡೇಟರ್‌ಗಳ (ಠೇವಣಿ ಇಟ್ಟು ಬ್ಲಾಕ್‌ಗಳಿಗೆ ಸಹಿ ಹಾಕುವವರ) ಸಹಿಯನ್ನು ನಂಬುವುದು, ಸುಳ್ಳು ಸಹಿ ಹಾಕಿದರೆ ಅವರ ಠೇವಣಿಗೆ ಕತ್ತರಿ ಬೀಳುತ್ತದೆ ಎಂಬ ಧೈರ್ಯದ ಮೇಲೆ. ಠೇವಣಿ ವಾಪಸ್ ಪಡೆಯಲು ಕಾಸ್ಮಾಸ್ ಹಬ್‌ನಲ್ಲಿ 21 ದಿನ, ಆಸ್ಮೋಸಿಸ್‌ನಲ್ಲಿ 14 ದಿನ ಕಾಯಬೇಕು. ಆ ಅವಧಿ ದಾಟಿದ ಮೇಲೆ ಹಳೆಯ ವ್ಯಾಲಿಡೇಟರ್‌ಗಳಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಕ್ಲೈಂಟ್‌ನ ನಂಬಿಕೆಯ ಅವಧಿ ಅದಕ್ಕಿಂತ ಕಡಿಮೆ ಇರಬೇಕು. ಹರ್ಮೀಸ್ ಮೂರನೇ ಎರಡು ಪಾಲು ಇಡುತ್ತದೆ: 21ಕ್ಕೆ 14 ದಿನ, 14ಕ್ಕೆ 9 ದಿನ ಚಿಲ್ಲರೆ. ಅಷ್ಟು ದಿನ ಯಾರೂ ಒಂದೇ ಒಂದು ಹೆಡರ್ ಕೂಡ ಒಯ್ಯದಿದ್ದರೆ ಕ್ಲೈಂಟ್ ‘ಎಕ್ಸ್‌ಪೈರ್ಡ್’. ಆಮೇಲೆ ಯಾವ ರಿಲೇಯರ್ ಎಷ್ಟು ಪುರಾವೆ ತಂದರೂ ‘ಬಿ’ ಕೇಳುವುದಿಲ್ಲ. ಬದಲಿ ಕ್ಲೈಂಟ್ ಸೃಷ್ಟಿಸಿ, ಆಡಳಿತ ಪ್ರಸ್ತಾವ ಹಾಕಿ, ಮತ ಬಿದ್ದು ಗೆದ್ದ ಮೇಲಷ್ಟೇ ಜೀವ ಬರುವುದು. ಅಲ್ಲಿಯವರೆಗೆ ಒತ್ತೆಯಲ್ಲಿರುವ ಎಲ್ಲರ ಟೋಕನ್ ಸಿಕ್ಕಿಹಾಕಿಕೊಂಡಿರುತ್ತದೆ.

ವಿಚಿತ್ರವೆಂದರೆ ಇದು ಗಿಜಿಗುಡುವ ಚಾನೆಲ್‌ಗೆ ಬರುವ ರೋಗವಲ್ಲ. ಅಲ್ಲಿ ಪ್ರತಿ ಪ್ಯಾಕೆಟ್ ಜೊತೆ ಹೆಡರ್ ಹೋಗುತ್ತಲೇ ಇರುತ್ತದೆ. ಸಾಯುವುದು ವಾರಕ್ಕೊಂದು ವರ್ಗಾವಣೆಯೂ ಇಲ್ಲದ ಚಾನೆಲ್. ‘ರಿಫ್ರೆಶ್’ ಟ್ರೂ ಇದ್ದರೆ ಹರ್ಮೀಸ್ ಅವಧಿಗೆ ಮುಂಚೆಯೇ ತಾನಾಗಿ ನವೀಕರಿಸುತ್ತದೆ, ಆದರೆ ಅದಕ್ಕೆ ಹರ್ಮೀಸ್ ಓಡುತ್ತಿರಬೇಕು, ಖಾತೆಯಲ್ಲಿ ಕಾಸಿರಬೇಕು. ಎರಡನೇ ಕಾವಲಾಗಿ ಕ್ರಾನ್‌ನಲ್ಲಿ ಎರಡು ದಿನಕ್ಕೊಮ್ಮೆ ‘ಹರ್ಮೀಸ್ ಅಪ್‌ಡೇಟ್ ಕ್ಲೈಂಟ್ --ಹೋಸ್ಟ್-ಚೈನ್ … --ಕ್ಲೈಂಟ್ 07-ಟೆಂಡರ್‌ಮಿಂಟ್-…’ ಇಡಿ, ಬೇರೆ ಯಂತ್ರದಿಂದ, ಬೇರೆ ಕೀಯಿಂದ. ಎರಡೂ ದಿಕ್ಕಿಗೆ ಒಂದೊಂದು ಕ್ಲೈಂಟ್ ಇದೆ, ಒಂದನ್ನೇ ನವೀಕರಿಸಿ ಸುಮ್ಮನಾಗಬೇಡಿ. ಕಾನ್ಫಿಗ್‌ನಲ್ಲಿ ‘ಟ್ರಸ್ಟಿಂಗ್ ಪೀರಿಯಡ್’ ಹೆಚ್ಚಿಸಿದರೆ ಹಳೆಯ ಕ್ಲೈಂಟ್ ಆಯುಸ್ಸು ಹೆಚ್ಚುವುದಿಲ್ಲ. ಅದು ಹೊಸದಾಗಿ ಸೃಷ್ಟಿಸುವ ಕ್ಲೈಂಟ್‌ಗೆ ಮಾತ್ರ.

ಯಂತ್ರ ಬದಲಿಸುವುದು, ನಿಲ್ಲಿಸುವುದು

ಹರ್ಮೀಸ್ ತನ್ನಲ್ಲಿ ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ, ಬೇಕಾದದ್ದನ್ನೆಲ್ಲ ಚೈನ್‌ನಿಂದಲೇ ಓದಿಕೊಳ್ಳುತ್ತದೆ. ಕಾನ್ಫಿಗ್ ಫೈಲ್ ಮತ್ತು ನೆಮಾನಿಕ್ ಇದ್ದರೆ ಹೊಸ ಸರ್ವರ್‌ನಲ್ಲಿ ಮತ್ತೆ ಏಳಿಸಬಹುದು. ಹಳೆಯದು ಪೂರ್ತಿ ನಿಂತ ಮೇಲೆ ಹೊಸದನ್ನು ಶುರುಮಾಡಿ, ಇಲ್ಲವಾದರೆ ಸೀಕ್ವೆನ್ಸ್ ಜಗಳ. ಚೈನ್ ಅಪ್‌ಗ್ರೇಡ್ ಆದ ದಿನ ಹರ್ಮೀಸನ್ನು ಒಮ್ಮೆ ಮರುಚಾಲೂ ಮಾಡಿ ಹೆಲ್ತ್-ಚೆಕ್ ನೋಡಿ.

ಸಾಕು ಎನಿಸಿ ಪೂರ್ತಿ ಬಿಡುವುದಾದರೆ, ಆ ಚಾನೆಲ್‌ನಲ್ಲಿ ಬೇರೆ ರಿಲೇಯರ್ ಇದ್ದಾರೆಯೇ ಎಂದು ಎಕ್ಸ್‌ಪ್ಲೋರರ್‌ನಲ್ಲಿ ಹಿಂದಿನ ಒಂದು ವಾರದ ಸಹಿ ವಿಳಾಸಗಳನ್ನು ನೋಡಿ. ನೀವೊಬ್ಬರೇ ಇದ್ದರೆ ಚೈನ್‌ನ ತಂಡಕ್ಕೆ ದಿನಾಂಕ ತಿಳಿಸಿ, ಬದಲಿ ಸಿಗುವವರೆಗೆ ಕಾಯಿರಿ. ಕೊನೆಯ ದಿನ ‘ಕ್ವೆರಿ ಪ್ಯಾಕೆಟ್ ಪೆಂಡಿಂಗ್’ ಎರಡೂ ಬದಿಯಲ್ಲಿ ಖಾಲಿ ಬರುವವರೆಗೆ ತೆರವು ಮಾಡಿ, ಎರಡೂ ಕ್ಲೈಂಟ್‌ಗಳನ್ನು ಕಡೆಯ ಸಲ ನವೀಕರಿಸಿ. ಅಲ್ಲಿಂದ ಮುಂದಿನವರಿಗೆ ಕ್ಲೈಂಟ್‌ನ ಪೂರ್ತಿ ಅವಧಿ ಸಿಕ್ಕಂತಾಯಿತು. ಸೇವೆ ನಿಲ್ಲಿಸಿ, ಉಳಿದ ಚಿಲ್ಲರೆ ಹೊರಗೆ ತೆಗೆದು, ಬಾಡಿಗೆ ಸರ್ವರ್ ಬಿಟ್ಟುಕೊಡುವ ಮೊದಲು ‘ಕೀಸ್’ ಡೈರೆಕ್ಟರಿ ಅಳಿಸಿ.